ಹಿಡಿಯೋರು

ಅವರು ಹೋದ ಸುದ್ದಿ ಬಂದಾಗ ನನ್ನ ಕೈಯಲ್ಲಿ ಗೋಣಿಯಲ್ಲಿ ಸುತ್ತಿದ ಒಂದು ಬೆಕ್ಕಿತ್ತು. ಬೇಕರಿಯವರ ಮನೆಯ ಗಂಡು ಬೆಕ್ಕು, ಎಲ್ಲೋ ಕಚ್ಚಾಡಿಕೊಂಡು ಬೆನ್ನ ಮೇಲೆ ಕೀವು ತುಂಬಿಸಿಕೊಂಡು ಬಂದಿತ್ತು. ಮೇಜಿನ ಮೇಲೆ ನನ್ನ ಫೋನು ಬಡಿದುಕೊಳ್ಳುತ್ತಿತ್ತು. ಡಾಕ್ಟರು ಎತ್ತಿ ಕಿವಿಗಿಟ್ಟುಕೊಂಡು, "ನಿಮ್ಮ ಗುರುಗಳು ಹೋದರಂತೆ ಕಣಮ್ಮ" ಎಂದರು. ನಾನು ಬೆಕ್ಕನ್ನು ಬಿಡಲಿಲ್ಲ. ಕೀವು ತೆಗೆದು, ತೊಳೆದು, ಇಂಜೆಕ್ಷನ್ ಆಗುವವರೆಗೂ ಅದರ ಕುತ್ತಿಗೆ ಒಂದು ಕೈಯಲ್ಲಿ, ಗೋಣಿಯ ಬಾಯಿ ಇನ್ನೊಂದು ಕೈಯಲ್ಲಿ ಹಿಡಿದೇ ನಿಂತಿದ್ದೆ. ಡಾಕ್ಟರು ಹೊಸಬರು. ನನ್ನನ್ನು ಒಂಥರಾ ನೋಡಿದರು. ಅಳು ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹಗುರವೂ ಆಯಿತು.

ಹನ್ನೊಂದನೆಯ ದಿನ ಅವರ ಮನೆಗೆ ಹೋಗಿದ್ದೆ. ಸೊಸೆ ಕಾಫಿ ಕೊಟ್ಟು, "ನಿಮ್ಮ ವಿಷಯ ಭಾಳ ಹೇಳ್ತಿದ್ರು" ಎಂದಳು. ಏನು ಹೇಳುತ್ತಿದ್ದರು ಎಂದು ನಾನು ಕೇಳಲಿಲ್ಲ.

ನಮ್ಮದು ಸಣ್ಣ ಪಶು ಆಸ್ಪತ್ರೆ. ಊರಿನ ಹೆಸರು ಬೇಡ, ಶೃಂಗೇರಿಗೂ ಕೊಪ್ಪಕ್ಕೂ ನಡುವೆ ಎಲ್ಲೋ ಇದೆ ಎಂದುಕೊಳ್ಳಿ. ಅಲ್ಲಿ ಅವರು ಡಿ ಗ್ರೂಪ್ ನೌಕರರು. ಜನ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಡಾಕ್ಟರು ಚುಚ್ಚೋರು, ಇವರು ಹಿಡಿಯೋರು. "ಹಿಡಿಯೋರು ಇದಾರಾ ಇವತ್ತು?" ಎಂದು ಬಾಗಿಲಲ್ಲೇ ಕೇಳಿಕೊಂಡು ಒಳಗೆ ಬರುತ್ತಿದ್ದರು. ಅವರು ರಜೆಯಲ್ಲಿದ್ದರೆ ನಾಯಿ ತಂದವರು ಬಂದ ದಾರಿಗೆ ತಿರುಗಿ ಹೋಗುತ್ತಿದ್ದರು. ಕುಳ್ಳು ಆಳು, ಹೆಗಲ ಮೇಲೆ ಒಂದು ತೆಳು ಬಟ್ಟೆಯ ತೋರ್ತು. ಎಡಗಿವಿಯ ಮೇಲೆ ಯಾವಾಗಲೂ ಒಂದು ಬೀಡಿ. ಆ ಬೀಡಿ ಹಚ್ಚಿದ್ದನ್ನು ಮಾತ್ರ ನಾನು ಒಂದು ದಿನವೂ ನೋಡಿಲ್ಲ. ಮಳೆಗೆ ನೆನೆದು ಮೆತ್ತಗಾದರೆ ಎಸೆದು ಹೊಸದು ಇಟ್ಟುಕೊಳ್ಳುತ್ತಿದ್ದರು, ಅಷ್ಟೆ. "ಎಂತ ಮಾರಾಯ್ರೆ, ಪೂಜೆಗಾ ಅದು?" ಎಂದು ಯಾರಾದರೂ ತಮಾಷೆ ಮಾಡಿದರೆ ಅವರ ದನಕ್ಕೆ ಆವತ್ತು ಸರದಿ ಕೊನೆಗೆ ಬರುತ್ತಿತ್ತು.

ಅದೇ ಆಸ್ಪತ್ರೆಯಲ್ಲಿ ನನ್ನ ಅಪ್ಪನೂ ಡಿ ಗ್ರೂಪ್ ನೌಕರ. ಒಂದು ನಾಯಿಮರಿಗೆ ಹುಳದ ಔಷಧಿ ಕುಡಿಸುವಾಗ ಅದರ ಹಲ್ಲು ತಾಗಿತು. ಅಪ್ಪ ಮನೆಗೆ ಬಂದು, "ಮರಿ, ಆಟಕ್ಕೆ ಬಾಯಿ ಹಾಕ್ತು" ಎಂದು ನಕ್ಕು ಅರಿಶಿನ ಹಚ್ಚಿಕೊಂಡರು. ಎರಡು ತಿಂಗಳಿಗೆ ನೀರಿನ ಲೋಟ ಕಂಡರೆ ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದರು. ಆಮೇಲೆ ನಾಲ್ಕು ದಿನ. ಅದನ್ನು ಬರೆಯುವುದಿಲ್ಲ.

ಅನುಕಂಪದ ಆಧಾರದಲ್ಲಿ ಅಪ್ಪನ ಕೆಲಸ ನನಗೆ ಬಂತು. ಎನ್.ಆರ್. ಪುರದ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವಳು ನಾನು. ಕೋಳಿಯನ್ನು ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ಮುಟ್ಟಿದವಳಲ್ಲ. ಆಗಿನ ಡಾಕ್ಟರು ಮೊದಲ ದಿನವೇ ನನ್ನನ್ನು ಕೂರಿಸಿ ಹೇಳಿದರು: "ನೋಡಮ್ಮ, ಎರಡು ವರ್ಷ ಪ್ರೊಬೇಷನ್. ಪ್ರಾಣಿ ಹಿಡಿಯಲು ಬಂದರೆ ಕೆಲಸ ನಿನ್ನದು. ಬಂತೋ ಇಲ್ಲವೋ ಅಂತ ನಾನಲ್ಲ, ಹಿಡಿಯೋರು ಹೇಳ್ತಾರೆ. ಅವರು ಆಗ್ತದೆ ಅಂದರೆ ನಾನು ಬರೀತೀನಿ." ಅಮ್ಮ ಮತ್ತು ನಾನು ಇಬ್ಬರೇ. ಆ ಕೆಲಸ ಹೋದರೆ ಅಪ್ಪನ ಸಾವಿಗೂ ಒಂದು ಅರ್ಥವಿಲ್ಲ ಎಂದು ಅಮ್ಮ ಹಗಲೂ ರಾತ್ರಿ ಹೇಳುತ್ತಿದ್ದಳು. ನಾನು ಹೋಗಿ ಅವರ ಮುಂದೆ ನಿಂತು, "ದೊಡ್ಡಪ್ಪಾ" ಎಂದೆ. ಅಪ್ಪ ಅವರನ್ನು ಅಣ್ಣ ಎನ್ನುತ್ತಿದ್ದರಲ್ಲ.

"ದೊಡ್ಡಪ್ಪ ಗಿಡ್ಡಪ್ಪ ಎಲ್ಲ ಇಲ್ಲಿ ಇಲ್ಲ" ಎಂದರು. "ನಿಮ್ಮಪ್ಪಂಗೆ ಹಿಡಿಯೋಕೆ ಬರ್ತಿರ್ಲಿಲ್ಲ. ಅದ್ಕೇ ಸತ್ತ. ನೀನು ಎಂತಕ್ಕೆ ಬಂದಿ?"

ವರಾಂಡದಲ್ಲಿ ಆಡು ಹಿಡಿದುಕೊಂಡು ಕೂತವರೆಲ್ಲ ತಲೆ ಎತ್ತಿ ನೋಡಿದರು. ಆಮೇಲೆ ಆ ಮಾತನ್ನು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ನನ್ನ ಕೈಯಿಂದ ಕೋಳಿ ಹಾರಿದರೆ ಅದೇ ಮಾತು. ಕುರಿಮರಿ ಒದ್ದರೆ ಅದೇ ಮಾತು. ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿತು. ರಾತ್ರಿ ಊಟಕ್ಕೆ ಕೂತಾಗ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿ, ಒಂದು ನಾಯಿಮರಿ ಹಿಡಿಯಲು ಬರಲಿಲ್ಲವಲ್ಲ ನಿಮಗೆ ಎಂದು ಸಿಟ್ಟು ಬರುತ್ತಿತ್ತು. ಸತ್ತ ಅಪ್ಪನ ಮೇಲೆ ಮಗಳಿಗೆ ಸಿಟ್ಟು ಬರಿಸುವುದು ಸಣ್ಣ ಕೆಲಸವಲ್ಲ. ಅದನ್ನು ಅವರು ಅಚ್ಚುಕಟ್ಟಾಗಿ ಮಾಡಿದರು.

ನನ್ನ ದೊಡ್ಡ ದೋಷವೆಂದರೆ, ಪ್ರಾಣಿ ಕೊಸರಿದ ಕೂಡಲೇ ಕಣ್ಣು ಮುಚ್ಚುವುದು. ಬೇಕೆಂದು ಮುಚ್ಚುತ್ತಿರಲಿಲ್ಲ, ತಾನಾಗಿಯೇ ಮುಚ್ಚಿಹೋಗುತ್ತಿತ್ತು. ಅವರ ಅಂಗಿಯ ಜೇಬಿನಲ್ಲಿ ಥರ್ಮಾಮೀಟರಿನ ಸ್ಟೀಲ್ ಡಬ್ಬಿ ಇರುತ್ತಿತ್ತು. ಕಣ್ಣು ಮುಚ್ಚಿದರೆ ಅದರಲ್ಲಿ ಗೆಣ್ಣಿನ ಮೇಲೆ ಒಂದು ಏಟು. ಒಂದು ಕೈಯಲ್ಲಿ ಹಿಡಿದರೆ ಎರಡು ಏಟು. "ಒಂದು ಕೈ ಹಿಡಿಯೋಕೆ. ಇನ್ನೊಂದು ಕೈ ಎಂತಕ್ಕೆ? ಅದೂ ಹಿಡಿಯೋಕೇ" ಎನ್ನುತ್ತಿದ್ದರು. ಆರು ತಿಂಗಳು ನನ್ನ ಬಲಗೈ ಗೆಣ್ಣುಗಳು ಊದಿಕೊಂಡೇ ಇದ್ದವು. ಡಾಕ್ಟರು ನೋಡಿಯೂ ನೋಡದ ಹಾಗೆ ಪೇಪರ್ ಓದುತ್ತಿದ್ದರು.

ಕಲಿಸಿದ್ದನ್ನು ಸುಳ್ಳು ಎನ್ನಲಾರೆ. ಕೋಳಿಯನ್ನು ಕಾಲು ಹಿಡಿದು ತಲೆಕೆಳಗೆ ನೇತಾಡಿಸಿಕೊಂಡು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ, ಎರಡು ರೆಕ್ಕೆ ಮೈಗೆ ಒತ್ತಿ, ಕಾಲು ಬೆರಳ ಸಂದಿಯಲ್ಲಿ ಸಿಕ್ಕಿಸಿ, ಎದೆ ಅಂಗೈ ಮೇಲೆ ಇಟ್ಟು ತೋರಿಸುತ್ತಿದ್ದರು. "ಅದು ಸುಮ್ನಿದೆ ಅಂದ್ರೆ ಆರಾಮಿದೆ ಅಂತಲ್ಲ. ಹೆದರಿ ಸುಮ್ನಾಗಿದೆ. ನೀವೂ ನಿಮ್ಮ ಅತ್ತೆ ಮುಂದೆ ಸುಮ್ನಿರ್ತೀರಿ ಅಲ್ದಾ?" ಬೆಕ್ಕಿಗೆ ಗೋಣಿ, ಉಗುರಿರುವ ಕಾಲು ಒಂದೊಂದೇ ಒಳಗೆ. ಕಚ್ಚುವ ನಾಯಿಗೆ ಬ್ಯಾಂಡೇಜ್ ಬಟ್ಟೆಯ ಕುಣಿಕೆ: ಮೂಗಿನ ಮೇಲಿಂದ ಬಿಗಿದು, ಗದ್ದದ ಕೆಳಗೆ ಒಂದು ಗಂಟು, ಕಿವಿಯ ಹಿಂದೆ ಇನ್ನೊಂದು. ಆ ಗಂಟು ಬರುವವರೆಗೆ ವರಾಂಡದ ಕಂಬದ ಮೇಲೆ ನನ್ನಿಂದ ಕಟ್ಟಿಸಿದರು. ನೋಡುವವರು ನಕ್ಕರು. ಕಂಬಕ್ಕೆ ಹುಚ್ಚು ಹಿಡಿದಿದೆಯಾ ಎಂದು ಕೇಳಿದವರೂ ಇದ್ದರು.

ಒಂದು ಮಧ್ಯಾಹ್ನದ್ದನ್ನು ಮಾತ್ರ ಹೇಳಲೇಬೇಕು. ಒಂದು ಆಡಿನ ಮರಿಗೆ ಔಷಧಿ ಕುಡಿಸುತ್ತಿದ್ದೆ. ಬೇಗ ಇಳಿಯಲಿ ಎಂದು ಅದರ ಮೂತಿ ಮೇಲಕ್ಕೆ ಎತ್ತಿ ಹಿಡಿದಿದ್ದೆ. ಅವರು ಔಷಧಿ ಕಸಿದುಕೊಂಡು, ದನಕ್ಕೆ ಕುಡಿಸುವ ಬಿದಿರಿನ ಗೊಟ್ಟಕ್ಕೆ ನೀರು ತುಂಬಿಸಿ ತಂದರು. "ಮಾಡು ನೋಡು" ಎಂದರು. ಮಾಡಿನ ಹೆಂಚು ನೋಡಿದೆ. "ಈಗ ಕುಡಿ. ತಲೆ ಇಳಿಸ್ಬೇಡ." ಕುಡಿದೆ. ಒಂದು ಗುಟುಕು ಇಳಿಯಿತು, ಎರಡನೆಯದು ಶ್ವಾಸಕ್ಕೆ ಹೋಯಿತು. ಮೂಗಿನಿಂದ ನೀರು ಬಂತು. ಕೆಮ್ಮಿ ಕೆಮ್ಮಿ ನೆಲಕ್ಕೆ ಕೂತೆ. ಹನ್ನೆರಡು ಜನ ನೋಡುತ್ತಿದ್ದರು, ಅದರಲ್ಲಿ ಮೂವರು ನಮ್ಮ ಬೀದಿಯವರು. ಅವರು ಗೊಟ್ಟ ಒದರಿ ಗೋಡೆಗೆ ನಿಲ್ಲಿಸಿ, "ನೀನು ಕೆಮ್ಮಿದಿ. ಆಡು ಮರಿ ಕೆಮ್ಮೋಕೂ ಆಗ್ದೆ ಸಾಯ್ತದೆ. ಮೂತಿ ಕಣ್ಣಿಗಿಂತ ಮೇಲೆ ಹೋಗ್ಬಾರ್ದು" ಎಂದರು. ಇಂದಿಗೂ ನನ್ನ ಕೈಯಲ್ಲಿ ಒಂದು ಮರಿಯೂ ಔಷಧಿ ನೆತ್ತಿಗೇರಿ ಸತ್ತಿಲ್ಲ. ಇಂದಿಗೂ ಆ ಹನ್ನೆರಡು ಜನರ ಮುಖ ನನಗೆ ನೆನಪಿದೆ.

ಪ್ರಾಣಿಗಳ ಜೊತೆ ಮೃದುವಾಗಿದ್ದರಾ ಎಂದು ಕೇಳುತ್ತೀರಿ. ಅಂಥ ಕಥೆ ಜನಕ್ಕೆ ಇಷ್ಟ. ಇಲ್ಲ, ಮೃದುವಾಗಿರಲಿಲ್ಲ. ಮುದ್ದು ಮಾಡಿದ್ದು, ಹೆಸರಿಟ್ಟು ಕರೆದದ್ದು ಒಂದೂ ಇಲ್ಲ. ಜಯಪುರದ ಅಂಗಡಿ ಸಾಹುಕಾರರ ಹೆಂಡತಿ ತಮ್ಮ ಬಿಳಿ ನಾಯಿಯ ಬಾಯಿಗೆ ಬಾಯಿ ಕೊಟ್ಟು ಮುದ್ದಿಸುತ್ತಿದ್ದಾಗ, "ಅಮ್ಮಾ, ಈಗಷ್ಟೇ ಅದು ಎಂತ ನೆಕ್ತಿತ್ತು ಅಂತ ಹೇಳ್ಲಾ?" ಎಂದು ಕೇಳಿ ಆಕೆಯನ್ನು ಅಳಿಸಿದರು. ಸರಿಯಾಗಿ ಹಿಡಿಯುತ್ತಿದ್ದರು, ಅಷ್ಟೆ. ಅವರ ಕೈಗೆ ಬಂದ ಪ್ರಾಣಿ ಒಂದು ಉಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಮನುಷ್ಯರು ಯಾಕೆ ಹಾಗೆ ಸುಮ್ಮನಾಗುವುದಿಲ್ಲ ಎಂಬ ಕೋಪ ಅವರಿಗೆ ಇತ್ತೇನೋ.

ಒಂದೂವರೆ ವರ್ಷವಾದಾಗ ನನಗೆ ಕೈ ಕುದುರಿತ್ತು. ಡಾಕ್ಟರು ಪ್ರತಿ ಮೂರು ತಿಂಗಳಿಗೊಮ್ಮೆ ಕೇಳುತ್ತಿದ್ದರು, "ಏನು, ಆಗ್ತದಾ?" ಅವರು ನನ್ನ ಎದುರಿಗೇ, "ಆಗೂದಿಲ್ಲ" ಎನ್ನುತ್ತಿದ್ದರು. ಹಾಗಿರುವಾಗ ಬಾಳೆಹೊನ್ನೂರು ಕಡೆಯ ಹೆಂಗಸೊಬ್ಬರು ಕಿವಿ ಕಜ್ಜಿಯ ಮೊಲ ತಂದರು. ಮೊಲದ ವಿಷಯ ಅವರು ನೂರು ಸಲ ಹೇಳಿದ್ದರು: ಕಿವಿ ಹಿಡಿಯಬೇಡ, ಒಂದು ಕೈ ಎದೆಗೆ, ಒಂದು ಕೈ ಪೃಷ್ಠದ ಕೆಳಗೆ, ಹಿಂಗಾಲು ಗಾಳಿಯಲ್ಲಿ ಒದೆಯಲು ಬಿಟ್ಟರೆ ತನ್ನ ಬೆನ್ನು ತಾನೇ ಮುರಿದುಕೊಳ್ಳುತ್ತದೆ. ನಾನು ಸರಿಯಾಗಿಯೇ ಹಿಡಿದಿದ್ದೆ. ಟ್ರೇಯಲ್ಲಿದ್ದ ಮುಲಾಮು ಎತ್ತಿಕೊಡಲೆಂದು ಕೆಳಗಿನ ಕೈ ತೆಗೆದೆ. ಒಂದೇ ಗಳಿಗೆ. ಮೊಲ ಒದೆಯಿತು. ಪೆನ್ಸಿಲ್ ಮುರಿದಂಥ ಸದ್ದು. ಆಮೇಲೆ ಅದರ ಹಿಂಗಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

ಏಟಿಗೆ ಕೈ ಚಾಚಿ ನಿಂತೆ. ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮುಖ ಸುಣ್ಣದಂತಾಗಿತ್ತು. ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತು ಬಂದರು. ಆಮೇಲೆ ಆ ಹೆಂಗಸಿನ ಮುಂದೆ ನನ್ನನ್ನು ನಿಲ್ಲಿಸಿದರು.

"ಹೇಳು."

"ಏನು ಹೇಳ್ಲಿ?"

"ಒಂದೇ ಕೈಲಿ ಹಿಡ್ದಿದ್ದೆ, ನನ್ನಿಂದ ಆತು ಅಂತ ಹೇಳು. ಬಾಯಿ ಬಿಟ್ಟು ಹೇಳು. ಈಗ ಹೇಳ್ದಿದ್ರೆ ಆಮೇಲೆ ಹೇಳೋಕೆ ಆಗೂದಿಲ್ಲ."

ಹೇಳಿದೆ. ಆ ಹೆಂಗಸು ನನಗೆ ಶಾಪ ಹಾಕಿದರು. ಡಾಕ್ಟರು ಮೊಲಕ್ಕೆ ಕೊನೆಯ ಇಂಜೆಕ್ಷನ್ ಕೊಡುವಾಗ ಹಿಡಿದುಕೊಳ್ಳುವವಳೂ ನಾನೇ ಆಗಬೇಕೆಂದು ಅವರು ಹಟ ಹಿಡಿದರು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಣ್ಣು ಮುಚ್ಚಲು ಬಿಡಲಿಲ್ಲ. ಅದರ ಎದೆಬಡಿತ ಸಣ್ಣಗಾಗಿ ನಿಂತದ್ದು ನನ್ನ ಅಂಗೈಗೆ ಗೊತ್ತಾಯಿತು. ಆ ದಿನ ಬಸ್ಸಿನಲ್ಲಿ ಬರುತ್ತ, ಈ ಮನುಷ್ಯ ಹಾಳಾಗಿ ಹೋಗಲಿ ಎಂದು ದಾರಿಯುದ್ದಕ್ಕೂ ಹರಕೆ ಹೊತ್ತುಕೊಂಡೆ.

ಎರಡು ವರ್ಷ ತುಂಬುತ್ತ ಬಂತು. ಇನ್ನೊಂದು ತಿಂಗಳಿಗೆ ಅವರ ನಿವೃತ್ತಿ, ನನ್ನ ಪ್ರೊಬೇಷನ್ ಮುಗಿಯುವುದೂ ಆಗಲೇ. ಕೆರೆಕಟ್ಟೆ ಕಡೆ ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕುವ ಕ್ಯಾಂಪ್ ಇತ್ತು. ಡಾಕ್ಟರು ರಸ್ತೆಯ ಮೇಲಿನ ಮನೆಗಳಿಗೆ, ನಾವಿಬ್ಬರು ಕೆಳಗಿನ ಮನೆಗಳಿಗೆ. ಅಲ್ಲಿ ಅವರೇ ಚುಚ್ಚಬೇಕು, ನಾನು ಹಿಡಿಯಬೇಕು. ಕೊನೆಯ ಮನೆಯ ಅಂಗಳಕ್ಕೆ ಇಳಿಯುವಾಗ ಅವರು ನಿಂತರು. "ನೀನು ಹೋಗಿ ನಾಯಿ ಹಿಡ್ಕ, ಬತ್ತೆ" ಎಂದು ಐಸ್ ಡಬ್ಬಿ ಕೆಳಗಿಟ್ಟುಕೊಂಡು ಸಿರಿಂಜಿಗೆ ಔಷಧಿ ಎಳೆಯುತ್ತ ಅಲ್ಲೇ ಬೇಲಿಯ ಬಳಿ ತಡಮಾಡಿದರು.

ಆ ಮನೆಯ ಅಜ್ಜಿ ಒಂದು ಗಿಡ್ಡ ಕಂದು ಹೆಣ್ಣು ನಾಯಿಯನ್ನು ಹಗ್ಗದಲ್ಲಿ ಎಳೆದು ತಂದರು. ಕಣ್ಣಿಗೆ ಕೈ ಅಡ್ಡ ಹಿಡಿದು ಬೇಲಿಯ ಕಡೆ ನೋಡಿ ನನಗೆ ಮೆತ್ತಗೆ ಹೇಳಿದರು:

"ಆ ಮನುಷ್ಯ ಮುಂಚೆನೂ ಬಂದಿದ್ರು ತಂಗಿ. ಇನ್ನೊಬ್ರು ಇದ್ರು ಜೊತೆಗೆ, ನಗ್ತಾ ಮಾತಾಡೋರು. ನಮ್ಮ ಮರಿಗೆ ಔಷಧಿ ಹಾಕೋಕೆ. ಪಾಪ, ಅವ್ರು ಬಾಯಿಗೆ ಔಷಧಿ ಬಿಡ್ತಿದ್ರು, ಈ ಮನುಷ್ಯ ಮರಿ ಹಿಡ್ಕಂಡಿದ್ರು. ಇವರ ಕೈಯಿಂದ ಮರಿ ಜಾರ್ತು, ಅವರ ಬೆರಳು ಕಚ್ತು. ಮೂರು ದಿನಕ್ಕೆ ಮರಿ ಸತ್ತೇ ಹೋತು. ನಾವು ಹುಗ್ದು ಸುಮ್ನಾದ್ವಿ, ನಮಗೆಂತ ಗೊತ್ತಾಗ್ತದೆ? ಅವ್ರು ಸತ್ರಂತೆ ಅಂತ ಆಮೇಲೆ ಕೇಳಿದ್ದು. ಹೌದಾ?"

"ಹೌದು" ಎಂದೆ. ಅವರ ಮಗಳು ನಾನು ಎಂದು ಹೇಳಲಿಲ್ಲ.

ಎರಡು ವರ್ಷ. ನಿಮ್ಮಪ್ಪಂಗೆ ಹಿಡಿಯೋಕೆ ಬರ್ತಿರ್ಲಿಲ್ಲ. ಎರಡು ವರ್ಷ ನಾನು ಊಟದ ಹೊತ್ತಿಗೆ ಫೋಟೋ ನೋಡಿ ಸಿಟ್ಟಾದೆ. ಅಪ್ಪ ಹಿಡಿದೇ ಇರಲಿಲ್ಲ.

ಅವರು ಸಿರಿಂಜ್ ಹಿಡಿದು ಬಂದರು, ಕೂತರು. ನಾನು ನಾಯಿಯನ್ನು ಅವರು ಕಲಿಸಿದ ಹಾಗೆಯೇ ಹಿಡಿದಿದ್ದೆ: ಕುತ್ತಿಗೆಯ ಚರ್ಮ ಬಲಗೈಯಲ್ಲಿ, ಹೊಟ್ಟೆ ಎಡಗೈಯಲ್ಲಿ, ನನ್ನ ಮೈಗೆ ಒತ್ತಿ. ಹಂದಾಡಲು ಜಾಗವೇ ಇರಲಿಲ್ಲ. ಸೂಜಿ ತಾಗಿತು. ನಾನು ಬಲಗೈ ಬಿಟ್ಟೆ.

ಬೇಕೆಂದೇ ಬಿಟ್ಟೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಅಮ್ಮನಿಗೂ. ಅಪ್ಪ ಸತ್ತ ಮೇಲೆ ನಮ್ಮ ಆಸ್ಪತ್ರೆಯ ಎಲ್ಲರಿಗೂ ಮುಂಚಿತವಾಗಿ ಲಸಿಕೆ ಹಾಕಿಸಿದ್ದರು, ಅವರಿಗೂ ಆಗಿತ್ತು. ಅದು ಗೊತ್ತಿದ್ದೇ ಬಿಟ್ಟೆ ಎಂದು ಹೇಳಿದರೆ ನಾನು ಒಳ್ಳೆಯವಳಾಗುತ್ತೇನೆ. ಆದರೆ ಆ ಗಳಿಗೆಯಲ್ಲಿ ಅದು ನನ್ನ ತಲೆಯಲ್ಲಿ ಇರಲೇ ಇಲ್ಲ.

ನಾಯಿ ತಿರುಗಿ ಅವರ ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿತು. ಎರಡು ಹಲ್ಲು ಆಳಕ್ಕೆ ಇಳಿದವು. ಅವರು ಕೂಗಲಿಲ್ಲ. ನಾಯಿಯನ್ನು ಅಜ್ಜಿ ಎಳೆದುಕೊಂಡು ಕಟ್ಟಿದರು. ಅಂಗಳದ ಅಂಚಿನಲ್ಲಿ ಗುಡ್ಡದ ನೀರು ಪೈಪಿನಿಂದ ಸದಾ ಸುರಿಯುತ್ತಿತ್ತು. ನಾನು ಅವರ ಮಣಿಕಟ್ಟು ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದೆ. ಸೋಪು ಹಚ್ಚಿ ತೊಳೆದೆ. ಕಾಲು ಗಂಟೆ ತೊಳೆಯಬೇಕು, ಗಡಿಯಾರ ನೋಡಿ ತೊಳೆಯಬೇಕು, ಕಟ್ಟು ಕಟ್ಟಬಾರದು: ಇದೂ ಅವರೇ ಕಲಿಸಿದ್ದು. ಗಾಯದ ಬಾಯಿ ಅಗಲಿಸಿ ತೊಳೆದೆ. ನೋಯುವ ಹಾಗೆಯೇ ತೊಳೆದೆ. ಐದು ನಿಮಿಷವಾದ ಮೇಲೆ ಕೇಳಿದೆ:

"ಅಪ್ಪನ ಕೈ ಯಾರು ತೊಳೆದ್ರು?"

ಅವರು ಅಜ್ಜಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕೈ ಎಳೆದುಕೊಳ್ಳಲು ನೋಡಿದರು. ನಾನು ಬಿಡಲಿಲ್ಲ.

"ಯಾರೂ ತೊಳೀಲಿಲ್ಲ" ಎಂದರು. "ಮರಿ ಹಲ್ಲು ಮಾರಾಯ, ಎಂತ ಆಗ್ತದೆ ಅಂದೆ ನಾನು."

ಉಳಿದ ಹತ್ತು ನಿಮಿಷವೂ ತೊಳೆದೆ. ನೀರು ತಣ್ಣಗಿತ್ತು, ನನ್ನ ಬೆರಳುಗಳೂ ಜೋಮು ಹಿಡಿದವು.

ಶೃಂಗೇರಿಗೆ ಜೀಪಿನಲ್ಲಿ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿದರು. ನಮ್ಮ ಡಾಕ್ಟರು ಕೆಂಡವಾಗಿದ್ದರು. "ಯಾರು ಹಿಡಿದಿದ್ದದ್ದು? ಇವಳಾ? ಎರಡು ವರ್ಷ ಕಲಿತದ್ದು ಇದಾ?" ಎಂದು ಆಸ್ಪತ್ರೆಯ ಬಾಗಿಲಲ್ಲೇ ಕೂಗಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಒಂದು ವಿಚಿತ್ರ ನೆಮ್ಮದಿ ಎನ್ನಿಸಿತು, ಅಮ್ಮನ ಮುಖ ನೆನಪಾಗುವವರೆಗೆ.

"ಇವಳೇ ಹಿಡ್ದಿದ್ದು. ಸರಿಯಾಗೇ ಹಿಡ್ದಿದ್ಲು" ಎಂದರು ಅವರು. "ನಾನೇ ಕೈ ಅಡ್ಡ ಇಟ್ಟೆ. ನನ್ನದೇ ತಪ್ಪು. ನೀವು ಬರೀರಿ ಸರ್. ಇವಳಿಗೆ ಆಗ್ತದೆ."

ಡಾಕ್ಟರು ಅವರ ಮುಖ ನೋಡಿ, "ಆಗಲಿ" ಎಂದರು. ರಸ್ತೆಯ ಮೇಲಿನ ಕೆಲವು ಮನೆಗಳು ಬಾಕಿ ಇದ್ದವು, ಜೀಪು ಕೆರೆಕಟ್ಟೆಗೆ ವಾಪಸು ಹೋಯಿತು. ಅವರನ್ನು ಬಸ್ಸಿನಲ್ಲಿ ಮನೆ ಮುಟ್ಟಿಸುವ ಕೆಲಸ ನನಗೆ ಬಂತು. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಇಬ್ಬರೂ ಕೂತೆವು, ಮಧ್ಯದಲ್ಲಿ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು. ನನಗಾಗಿ ಸುಳ್ಳು ಹೇಳಿದರಲ್ಲ, ಋಣ ತೀರಿತು ಎಂದುಕೊಂಡರೇನೋ. ನನಗೆ ಆ ಸುಳ್ಳು ಬೇಕಿರಲಿಲ್ಲ. ಆ ಒಂದು ಮಾತು, ನನ್ನದೇ ತಪ್ಪು ಎಂಬುದು, ಅಪ್ಪ ಬದುಕಿದ್ದ ಎರಡು ತಿಂಗಳಲ್ಲಿ ಒಂದು ದಿನ ಬಾಯಿಂದ ಬಂದಿದ್ದರೆ ಸಾಕಿತ್ತು. ಇಂಜೆಕ್ಷನ್ ಇದೇ ಊರಲ್ಲಿ ಇತ್ತು.

ಅವರು ರಸ್ತೆ ನೋಡುತ್ತಲೇ ಹೇಳಿದರು: "ಬಿಡುವಾಗ ಕಣ್ಣು ಮುಚ್ಬೇಡ. ಗೊತ್ತಾಗ್ತದೆ."

ಹಾಗಾದರೆ ನೋಡಿದ್ದರು.

"ನೀವು ಆವತ್ತು ಮುಚ್ಚಿದ್ರಾ?" ಎಂದು ಕೇಳಿದೆ.

ಅವರು ಕಚ್ಚಿಸಿಕೊಳ್ಳದ ಕೈಯಿಂದ ಕಿವಿಯ ಮೇಲಿನ ಬೀಡಿ ತೆಗೆದರು. ಬೆರಳ ಮಧ್ಯೆ ತಿರುಗಿಸಿದರು.

"ಒಂದೇ ಕೈಲಿ ಹಿಡ್ದಿದ್ದೆ" ಎಂದರು. "ಇನ್ನೊಂದು ಕೈಲಿ ಇದನ್ನ ಹಚ್ತಿದ್ದೆ."

ಬೀಡಿಯನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಕೊಪ್ಪದ ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು, ಅವರಿಗೆ ತಲೆ ಸುತ್ತುತ್ತಿತ್ತು. ನಾನು ಮೊದಲು ಹತ್ತಿ ತಿರುಗಿ ನಿಂತೆ. ಅವರು ಕೆಳಗಿನಿಂದ ಎರಡೂ ಕೈ ಚಾಚಿದರು.

ನಾನು ಒಂದೇ ಕೈ ಕೊಟ್ಟೆ.